ಸೇನಾ ದಾಖಲೆಯ ತಪ್ಪನ್ನು ತಿದ್ದಿಸುವುದು ಹೇಗೆ: ಹಾಸನ ಜಿಲ್ಲೆಯ ಮಾಜಿ ಸೈನಿಕರಿಗೆ ಸಮಗ್ರ ಮಾರ್ಗದರ್ಶಿ

ಮಾಜಿ ಸೈನಿಕರಿಗೂ ಅವರ ಮನೆಯವರಿಗೂ ಅರ್ಜಿ ಬರೆದುಕೊಡುವ ಕೆಲಸವನ್ನು ಹಾಸನದಲ್ಲಿ ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಅರಕಲಗೂಡಿನಿಂದಲೋ ಸಕಲೇಶಪುರದಿಂದಲೋ ಬಂದವರು ಚೀಲದಿಂದ ತೆಗೆದು ಮುಂದಿಡುವ ಕಾಗದಗಳಲ್ಲಿ ಬೇಕಾದದ್ದು ಬಹುಮಟ್ಟಿಗೆ ಇದ್ದೇ ಇರುತ್ತದೆ. ಆದರೂ ಅರ್ಜಿ ಎರಡು ಮೂರು ಸಲ ವಾಪಸ್ಸಾಗಿರುತ್ತದೆ. ಕಾರಣ ಹುಡುಕಿದರೆ, ಕೆಲಸದ ಕ್ರಮವೇ ತಲೆಕೆಳಗಾಗಿರುವುದು ಕಾಣುತ್ತದೆ. ಮೊದಲು ಆಧಾರ್ ತಿದ್ದಿಸಿ, ಅದನ್ನು ಹಿಡಿದು ಬ್ಯಾಂಕಿಗೆ ಹೋಗಿ, ಅಲ್ಲಿಂದ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್ ಪೋರ್ಟಲ್ಲಿಗೆ ಬಂದು, ಎಲ್ಲ ಕಡೆಯೂ ಆಗದು ಎನಿಸಿಕೊಂಡ ಮೇಲೆ ಕೊನೆಗೆ ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಬರೆದಿರುತ್ತಾರೆ. ತಪ್ಪು ಯಾವ ಕಾಗದದಲ್ಲಿ ಹುಟ್ಟಿತೋ ಆ ಕಾಗದವನ್ನೇ ಮೊದಲು ತಿದ್ದಿಸಬೇಕು; ಉಳಿದೆಲ್ಲ ಕಡೆ ಇರುವುದು ಅದರ ನಕಲು ಮಾತ್ರ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿರಿ.

ಇಲ್ಲಿ ಹೇಳಿರುವುದು ಮುಖ್ಯವಾಗಿ ಭೂಸೇನೆಯಲ್ಲಿ ಜವಾನರಾಗಿ, ಎನ್.ಸಿ.ಒ. (ನಾಯಕ್, ಹವಲ್ದಾರ್) ಅಥವಾ ಜೆ.ಸಿ.ಒ. (ನಾಯಬ್ ಸುಬೇದಾರ್‌ನಿಂದ ಸುಬೇದಾರ್ ಮೇಜರ್‌ವರೆಗೆ) ಆಗಿ ನಿವೃತ್ತರಾದವರಿಗೆ. ನೌಕಾಪಡೆ, ವಾಯುಪಡೆಯವರಿಗೂ ಕ್ರಮ ಇದೇ, ಬರೆಯಬೇಕಾದ ಕಚೇರಿ ಮಾತ್ರ ಬೇರೆ.

ಕೆಲಸಕ್ಕೆ ಕೂರುವ ಮೊದಲು ಕೈಯಲ್ಲಿರಬೇಕಾದವು

ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಆದೇಶ ಅಂದರೆ ಪಿ.ಪಿ.ಒ., ಆಮೇಲೆ ಬಂದಿರುವ ಪ್ರತಿಯೊಂದು ತಿದ್ದುಪಡಿ ಪಿ.ಪಿ.ಒ., ಮಾಜಿ ಸೈನಿಕರ ಗುರುತಿನ ಚೀಟಿ, ಇ.ಸಿ.ಎಚ್.ಎಸ್. (ಮಾಜಿ ಸೈನಿಕರ ವೈದ್ಯಕೀಯ ಯೋಜನೆ) ಕಾರ್ಡು, ಗಂಡ ಹೆಂಡತಿ ಇಬ್ಬರ ಆಧಾರ್ ಮತ್ತು ಪ್ಯಾನ್, ಪಿಂಚಣಿ ಬರುವ ಬ್ಯಾಂಕಿನ ಪಾಸ್‌ಬುಕ್ಕು, ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಅಥವಾ ಶಾಲೆಯ ವರ್ಗಾವಣೆ ಪತ್ರ, ಮದುವೆಯ ನೋಂದಣಿ ಪತ್ರ, ಮಕ್ಕಳ ಜನನ ಪತ್ರ. ಇವುಗಳ ಜೊತೆಗೆ ಒಂದು ದಪ್ಪ ನೋಟ್‌ಬುಕ್ಕು ಬೇಕು. ಯಾವ ಪತ್ರ ಯಾವ ದಿನ ಹೋಯಿತು, ಅಂಚೆಯ ರಸೀದಿ ಸಂಖ್ಯೆ ಯಾವುದು, ಫೋನಿನಲ್ಲಿ ಯಾರು ಏನು ಹೇಳಿದರು ಎಂಬುದನ್ನು ಅದರಲ್ಲಿ ಬರೆದಿಡದೆ ಇದ್ದವರು ಆರು ತಿಂಗಳ ನಂತರ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಡಿಸ್ಚಾರ್ಜ್ ಬುಕ್ಕಿನ ಮೇಲೆ ಪೆನ್ನು ಇಡಬೇಡಿರಿ. ತಪ್ಪಾದ ಹೆಸರಿನ ಪಕ್ಕದಲ್ಲಿ ಸರಿಯಾದ ಹೆಸರು ಬರೆದುಕೊಂಡಿರುವ ಪುಸ್ತಕಗಳನ್ನು ನೋಡಿದ್ದೇನೆ. ಅದು ಒಳ್ಳೆಯ ಉದ್ದೇಶದಿಂದ ಮಾಡಿದ್ದರೂ ಪರಿಶೀಲಿಸುವವರ ಕಣ್ಣಿಗೆ ದಾಖಲೆ ತಿರುಚಿದಂತೆಯೇ ಕಾಣುತ್ತದೆ. ಲ್ಯಾಮಿನೇಷನ್ನೂ ಬೇಡ, ಏಕೆಂದರೆ ಮುಂದೆ ಅದರಲ್ಲಿ ಅಧಿಕೃತ ತಿದ್ದುಪಡಿ ಬರೆದು ಮೊಹರು ಹಾಕಲು ಜಾಗವೇ ಉಳಿಯುವುದಿಲ್ಲ.

ಹಂತ 1: ಅಕ್ಷರ ಅಕ್ಷರವಾಗಿ ಹೋಲಿಸುವುದು

ನೋಟ್‌ಬುಕ್ಕಿನ ಎರಡು ಪುಟಗಳನ್ನು ಅಗಲಿಸಿ ಒಂದು ಕೋಷ್ಟಕ ಹಾಕಿರಿ. ಮೇಲೆ ದಾಖಲೆಗಳ ಹೆಸರು, ಎಡಕ್ಕೆ ವಿವರಗಳು: ನಂಬರು, ಹೆಸರು, ತಂದೆಯ ಹೆಸರು, ಜನ್ಮದಿನಾಂಕ, ಸೇರಿದ ದಿನ, ಬಿಡುಗಡೆಯ ದಿನ, ಹುದ್ದೆ, ಗ್ರೂಪು (ಟ್ರೇಡಿಗೆ ತಕ್ಕ ವೇತನ ವರ್ಗ), ಅರ್ಹ ಸೇವೆ (ಪಿಂಚಣಿಗೆ ಲೆಕ್ಕಕ್ಕೆ ಬರುವ ಸೇವೆ), ಹೆಂಡತಿಯ ಹೆಸರು ಮತ್ತು ಜನ್ಮದಿನಾಂಕ, ಮಕ್ಕಳ ಹೆಸರು ಮತ್ತು ಜನ್ಮದಿನಾಂಕ. ಪ್ರತಿ ದಾಖಲೆಯಲ್ಲಿ ಇರುವುದನ್ನು ಇರುವಂತೆಯೇ, ಇಂಗ್ಲಿಷ್ ಅಕ್ಷರಗಳಲ್ಲಿ, ನಡುವಿನ ಖಾಲಿ ಜಾಗವನ್ನೂ ಬಿಡದೆ ನಕಲು ಮಾಡಿರಿ. ಸೇನಾ ನಂಬರಿನ ಕೊನೆಯಲ್ಲಿರುವ ಅಕ್ಷರವನ್ನು ಬಿಟ್ಟು ಬರೆಯುವುದು ಸಾಮಾನ್ಯ ತಪ್ಪು. ಜೆ.ಸಿ.ಒ. ಆಗಿ ಬಡ್ತಿ ಪಡೆದವರಿಗೆ ಹೊಸ ನಂಬರು ಬಂದಿರುತ್ತದೆ. ಹಳೆಯದು ಹೊಸದು ಎರಡೂ ಬೇಕು.

ನಮ್ಮ ಕಡೆಯ ಹೆಸರುಗಳಲ್ಲಿ ತಪ್ಪು ನುಸುಳುವ ಜಾಗಗಳು ಗೊತ್ತಿರುವಂಥವೇ. ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರವನ್ನು ಇನಿಷಿಯಲ್ ಆಗಿ ಇಟ್ಟುಕೊಳ್ಳುವುದು ನಮ್ಮ ರೂಢಿ. ಸೇನೆಯ ಫಾರಮಿನಲ್ಲಿ ಅದನ್ನು ಒಬ್ಬ ಕ್ಲರ್ಕು ಬಿಟ್ಟಿರುತ್ತಾನೆ, ಇನ್ನೊಬ್ಬ ಬಿಡಿಸಿ ಬರೆದಿರುತ್ತಾನೆ. ಗೌಡ ಎಂಬುದಕ್ಕೆ ಒಂದು ಕಡೆ ಡಬ್ಲ್ಯು ಅಕ್ಷರ, ಇನ್ನೊಂದು ಕಡೆ ಯು ಅಕ್ಷರ ಇರುತ್ತದೆ. ಕೃಷ್ಣೇಗೌಡ ಒಂದೇ ಪದವೋ ಎರಡು ಪದವೋ ಎಂಬುದು ಕಾಗದದಿಂದ ಕಾಗದಕ್ಕೆ ಬದಲಾಗುತ್ತದೆ. ಲಕ್ಷ್ಮಮ್ಮನ ನಡುವೆ ಎಕ್ಸ್ ಅಕ್ಷರ ಬಂದಿರುತ್ತದೆ. ಎಲ್ಲಕ್ಕಿಂತ ತೊಡಕಿನದು, ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಕರೆಯುವ ಹೆಸರು ಇನ್ನೊಂದು ಆಗಿರುವ ಹೆಣ್ಣುಮಕ್ಕಳ ಸಂಗತಿ. ಸೇನೆಯಲ್ಲಿ ಗಂಡ ಬರೆಸಿದ್ದು ಒಂದಾದರೆ, ಮತದಾರರ ಪಟ್ಟಿಯಿಂದ ಆಧಾರಿಗೆ ಬಂದದ್ದು ಮತ್ತೊಂದು.

ಹಂತ 2: ತಪ್ಪು ಹುಟ್ಟಿದ ಜಾಗವನ್ನು ಪತ್ತೆಹಚ್ಚುವುದು

ಇಡೀ ಕೆಲಸದ ಅಡಿಪಾಯ ಇದು. ಸೇರುವಾಗ ನೀವು ಕೊಟ್ಟ ವಿವರಗಳು ಶೀಟ್ ರೋಲ್ ಎಂಬ ಮೂಲ ದಾಖಲೆಗೆ ಏರುತ್ತವೆ. ಮದುವೆಯಾದಾಗ, ಮಗು ಹುಟ್ಟಿದಾಗ, ಬಡ್ತಿ ಸಿಕ್ಕಾಗ ನಿಮ್ಮ ಯೂನಿಟ್ಟು ಪಾರ್ಟ್ ಟು ಆರ್ಡರ್ ಪ್ರಕಟಿಸುತ್ತದೆ; ಅದನ್ನು ನೋಡಿ ರೆಕಾರ್ಡ್ ಆಫೀಸು ಶೀಟ್ ರೋಲಿನಲ್ಲಿ ನಮೂದಿಸುತ್ತದೆ. ನಿವೃತ್ತಿಯ ಹೊತ್ತಿಗೆ ರೆಕಾರ್ಡ್ ಆಫೀಸು ಕಳಿಸಿದ ವಿವರದ ಮೇಲೆ ಪ್ರಯಾಗರಾಜ್‌ನ ರಕ್ಷಣಾ ಪಿಂಚಣಿ ಲೆಕ್ಕಪತ್ರ ಕಚೇರಿ ಪಿ.ಪಿ.ಒ. ಹೊರಡಿಸುತ್ತದೆ. ಹಳೆಯ ಪಿಂಚಣಿದಾರರ ವಿವರಗಳು ಅಲ್ಲಿಂದ ಸ್ಪರ್ಶ್ ವ್ಯವಸ್ಥೆಗೆ ವರ್ಗವಾಗಿವೆ. ಈ ಸರಪಳಿಯ ಯಾವ ಕೊಂಡಿಯಲ್ಲಿ ವಿವರ ಬದಲಾಯಿತು ಎಂಬುದನ್ನು ನಿಮ್ಮ ಕೋಷ್ಟಕವೇ ಹೇಳುತ್ತದೆ.

ಡಿಸ್ಚಾರ್ಜ್ ಬುಕ್ಕು, ಪಿ.ಪಿ.ಒ. ಎರಡರಲ್ಲೂ ಸರಿಯಿದ್ದು ಸ್ಪರ್ಶ್‌ನಲ್ಲಿ ಮಾತ್ರ ತಪ್ಪಿದ್ದರೆ ಅದು ಟೈಪು ಮಾಡುವಾಗಿನ ತಪ್ಪು, ಅಲ್ಲಿಯೇ ಸರಿಯಾಗುತ್ತದೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ಸರಿಯಿದ್ದು ಪಿ.ಪಿ.ಒ.ದಲ್ಲಿ ತಪ್ಪಿದ್ದರೆ ಮೂಲ ದಾಖಲೆ ನಿಮ್ಮ ಪರವಾಗಿದೆ ಎಂದು ನಂಬಬಹುದು. ಆಗ ತಿದ್ದುಪಡಿ ಪಿ.ಪಿ.ಒ. ಕೇಳಬೇಕು. ಡಿಸ್ಚಾರ್ಜ್ ಬುಕ್ಕು, ಪಿ.ಪಿ.ಒ. ಎರಡರಲ್ಲೂ ಒಂದೇ ರೀತಿ ತಪ್ಪಿದ್ದರೆ ಶೀಟ್ ರೋಲಿನಲ್ಲಿಯೇ ತಪ್ಪಿರುವ ಸಾಧ್ಯತೆ ಹೆಚ್ಚು, ಅಥವಾ ಸೇನಾ ದಾಖಲೆ ಸರಿಯಾಗಿದ್ದು ಆಧಾರ್ ತಪ್ಪಾಗಿರಬಹುದು.

ಅನುಮಾನವಿದ್ದರೆ ಊಹೆಯ ಮೇಲೆ ಮುಂದುವರಿಯಬೇಡಿರಿ. ಶೀಟ್ ರೋಲಿನಲ್ಲಿ ಕುಟುಂಬದ ವಿವರವಿರುವ ಪುಟಗಳ ದೃಢೀಕೃತ ಪ್ರತಿಯನ್ನೂ, ನಿಮ್ಮ ಮದುವೆ ಪ್ರಕಟವಾದ ಪಾರ್ಟ್ ಟು ಆರ್ಡರಿನ ಸಂಖ್ಯೆ ಮತ್ತು ದಿನಾಂಕವನ್ನೂ ಕೇಳಿ ರೆಕಾರ್ಡ್ ಆಫೀಸಿಗೆ ಪತ್ರ ಬರೆಯಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅದೇ ಕಾಗದಗಳನ್ನು ಕೇಳಿರಿ. 30 ದಿನಗಳಲ್ಲಿ ಉತ್ತರಿಸುವುದು ಅವರ ಕರ್ತವ್ಯ. ಆ ಅರ್ಜಿಯಲ್ಲಿ ‘ಏಕೆ ತಪ್ಪು ಮಾಡಿದಿರಿ’ ಎಂದು ಕೇಳಿದರೆ ಪ್ರಯೋಜನವಿಲ್ಲ. ಯಾವ ಕಾಗದದ ಯಾವ ಭಾಗ ಬೇಕು ಎಂಬುದಷ್ಟನ್ನೇ ಬರೆಯಿರಿ.

ಹಂತ 3: ಯಾವುದನ್ನು ತಿದ್ದಿಸಬೇಕು ಎಂದು ತೀರ್ಮಾನಿಸುವುದು

ಎರಡು ಕಾಗದಗಳು ಹೊಂದದಿದ್ದಾಗ ಸೇನಾ ದಾಖಲೆಯನ್ನೇ ತಿದ್ದಿಸಬೇಕೆಂಬ ನಿಯಮವೇನೂ ಇಲ್ಲ. ಸೈನಿಕರ ಸ್ವಂತ ಜನ್ಮದಿನಾಂಕದ ವಿಷಯದಲ್ಲಂತೂ ನನ್ನ ಸಲಹೆ ಸ್ಪಷ್ಟ: ಶೀಟ್ ರೋಲಿನಲ್ಲಿರುವ ದಿನಾಂಕದೊಂದಿಗೆ ಜಗಳಕ್ಕೆ ಹೋಗಬೇಡಿರಿ. ಸೇವಾ ದಾಖಲೆಯ ಜನ್ಮದಿನಾಂಕವನ್ನು ತಡವಾಗಿ ಬದಲಿಸಲು ಬರುವವರಿಗೆ ನ್ಯಾಯಾಲಯಗಳೂ ಆಸರೆ ಕೊಡುವುದಿಲ್ಲ. ಸರ್ಕಾರಿ ನೌಕರರೊಬ್ಬರ ಪ್ರಕರಣದಲ್ಲಿ, ಹರ್ನಾಮ್ ಸಿಂಗ್ ಪ್ರಕರಣವೆಂದು ಹೆಸರಾದ 1993ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ಈಗ ಹೊಸದಾಗಿ ವಿಳಂಬ ನೋಂದಣಿ ಮಾಡಿಸಿದ ಜನನ ಪತ್ರವನ್ನು ಲಗತ್ತಿಸಿದರೆ ಅದು ಸಹಾಯಕ್ಕೆ ಬರುವುದಕ್ಕಿಂತ ಅನುಮಾನ ಹುಟ್ಟಿಸುವುದೇ ಹೆಚ್ಚು. ಶೀಟ್ ರೋಲಿನಲ್ಲಿ ಒಂದು ದಿನಾಂಕವಿದ್ದು ಪಿ.ಪಿ.ಒ.ದಲ್ಲಿ ಬೇರೆ ಬಂದಿದ್ದರೆ ಮಾತ್ರ ಅದು ಬರವಣಿಗೆಯ ತಪ್ಪು, ತಿದ್ದಿಸಬಹುದಾದದ್ದು. ಉಳಿದ ಸಂದರ್ಭಗಳಲ್ಲಿ ಆಧಾರಿನ ದಿನಾಂಕವನ್ನೇ ಸೇನಾ ದಾಖಲೆಗೆ ಹೊಂದಿಸಿಕೊಳ್ಳುವುದು ಲೇಸು.

ಆದರೆ ಆಧಾರ್ ಕೇಂದ್ರಕ್ಕೆ ಹೋಗುವ ಮುನ್ನ ಒಂದು ಮಾತು ನೆನಪಿಡಿರಿ. ಆಧಾರಿನಲ್ಲಿ ಹೆಸರನ್ನು ಎರಡು ಬಾರಿ, ಜನ್ಮದಿನಾಂಕವನ್ನು ಒಂದೇ ಬಾರಿ ಬದಲಿಸಲು ಅವಕಾಶ. ಪಕ್ಕದವರು ಹೇಳಿದರೆಂದು ಅವಸರದಲ್ಲಿ ಆ ಅವಕಾಶವನ್ನು ಖರ್ಚು ಮಾಡಿಕೊಂಡು, ನಿಜವಾಗಿ ಬೇಕಾದಾಗ ದಾರಿಯಿಲ್ಲದೆ ನಿಂತವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ.

ಹಂತ 4: ತಪ್ಪಿಗೆ ತಕ್ಕ ಪುರಾವೆಗಳನ್ನು ಕೂಡಿಸುವುದು

ಹೆಂಡತಿಯ ಹೆಸರು ಅಥವಾ ಜನ್ಮದಿನಾಂಕ. ಇದನ್ನು ಗಂಡ ಬದುಕಿರುವಾಗಲೇ ಮಾಡಿಸಿರಿ, ದಯವಿಟ್ಟು ಮುಂದಕ್ಕೆ ಹಾಕಬೇಡಿರಿ. ಅವರು ಇರುವಾಗ ಅವರ ಸಹಿಯುಳ್ಳ ಅರ್ಜಿ, ಇಬ್ಬರ ಜಂಟಿ ಭಾವಚಿತ್ರ, ಜಂಟಿ ಅಫಿಡವಿಟ್, ಹೆಂಡತಿಯ ಆಧಾರ್ ಮತ್ತು ಪ್ಯಾನ್, ಮದುವೆಯ ಪುರಾವೆ ಇಷ್ಟರಲ್ಲಿ ಬಹುತೇಕ ಮುಗಿಯುವ ಕೆಲಸ, ಅವರು ತೀರಿಕೊಂಡ ಮೇಲೆ ತಾನೇ ಆ ಹೆಂಡತಿ ಎಂದು ಕಚೇರಿಯಿಂದ ಕಚೇರಿಗೆ ಸಾಬೀತುಪಡಿಸುವ ಕೆಲಸವಾಗಿ ಮಾರ್ಪಡುತ್ತದೆ. ಹೆಸರು ಪೂರ್ತಿಯಾಗಿ ಬೇರೆಯಾಗಿದ್ದರೆ ಒಂದು ಕನ್ನಡ, ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಲು ಸಾಮಾನ್ಯವಾಗಿ ಹೇಳುತ್ತಾರೆ. ಪ್ರಕಟಣೆಯ ತುಣುಕನ್ನು ಕತ್ತರಿಸಿ ಕಳಿಸಬೇಡಿರಿ. ಪತ್ರಿಕೆಯ ಹೆಸರು, ದಿನಾಂಕ ಕಾಣುವಂತೆ ಇಡೀ ಪುಟ ಇರಬೇಕು.

ಮಕ್ಕಳ ವಿವರ. ಜನನ ಪತ್ರ ಮತ್ತು ಶಾಲಾ ದಾಖಲೆ ಸಾಕಾಗುತ್ತವೆ. ಮಗಳಿಗೆ ಮದುವೆಯಾಗಿದೆ, ಇನ್ನು ಅವಳ ಹೆಸರೇಕೆ ಎಂದು ಬಿಡಬೇಡಿರಿ. ವಿಧವೆಯಾದ, ವಿಚ್ಛೇದಿತಳಾದ ಮಗಳಿಗೂ, ದುಡಿಯಲಾಗದ ಅಂಗವಿಕಲ ಮಗುವಿಗೂ ನಿಯಮಗಳಿಗೆ ಒಳಪಟ್ಟು ಕುಟುಂಬ ಪಿಂಚಣಿಯ ಹಕ್ಕಿದೆ.

ಸ್ವಂತ ಹೆಸರಿನ ಕಾಗುಣಿತ. ಎರಡೂ ಹೆಸರುಗಳು ಒಬ್ಬರದೇ ಎಂದು ಹೇಳುವ ಅಫಿಡವಿಟ್, ಶಾಲಾ ದಾಖಲೆ, ಆಧಾರ್ ಇಟ್ಟರೆ ಆಯಿತು.

ಅರ್ಹ ಸೇವೆ, ಹುದ್ದೆ, ಗ್ರೂಪು. ಇವುಗಳನ್ನು ಹೆಚ್ಚಿನವರು ನೋಡುವುದೇ ಇಲ್ಲ, ಆದರೆ ಪ್ರತಿ ತಿಂಗಳು ಕೈಗೆ ಬರುವ ಹಣ ನಿಂತಿರುವುದು ಇವುಗಳ ಮೇಲೆಯೇ. 2014ರ ಜುಲೈ 1ರಿಂದ ಅನ್ವಯವಾದ ಏಕಶ್ರೇಣಿ ಏಕಪಿಂಚಣಿ, ಅಂದರೆ ಒರಾಪ್ ಯೋಜನೆಯ ಕೋಷ್ಟಕಗಳು ಹುದ್ದೆ, ಗ್ರೂಪು ಮತ್ತು ಅರ್ಧ ಅರ್ಧ ವರ್ಷದ ಸೇವಾವಧಿಯ ಮೆಟ್ಟಿಲುಗಳಲ್ಲಿವೆ. ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚಿನ ಉಳಿಕೆಯನ್ನು ಅರ್ಧ ವರ್ಷವೆಂದು ಎಣಿಸುತ್ತಾರೆ. ಹೀಗಾಗಿ 17 ವರ್ಷ 3 ತಿಂಗಳು ಸೇವೆ ಮಾಡಿದವರ ದಾಖಲೆಯಲ್ಲಿ ಕೆಲವೇ ದಿನಗಳನ್ನು ಅರ್ಹವಲ್ಲದ ಸೇವೆಯೆಂದು ತಪ್ಪಾಗಿ ಕಳೆದಿದ್ದರೂ ಅವರು 17 ವರ್ಷದ ಮೆಟ್ಟಿಲಿನಲ್ಲೇ ಉಳಿಯುತ್ತಾರೆ. ಸೇರಿದ ದಿನ ಮತ್ತು ಬಿಡುಗಡೆಯ ದಿನಗಳ ನಡುವಿನ ಅವಧಿಯನ್ನು ನೀವೇ ಕೈಯಿಂದ ಲೆಕ್ಕ ಹಾಕಿ, ಪಿ.ಪಿ.ಒ.ದಲ್ಲಿರುವ ಅರ್ಹ ಸೇವೆಯನ್ನು ಅದರಿಂದ ಕಳೆಯಿರಿ. ವ್ಯತ್ಯಾಸ ಬಂದರೆ ಆ ದಿನಗಳನ್ನು ಯಾವ ಪಾರ್ಟ್ ಟು ಆರ್ಡರಿನ ಆಧಾರದ ಮೇಲೆ ಕಳೆಯಲಾಗಿದೆ ಎಂಬ ದಾಖಲೆಯನ್ನು ಕೇಳಿರಿ. ಈ ಬಗೆಯ ತಿದ್ದುಪಡಿಗೆ ಅಫಿಡವಿಟ್ ಕೆಲಸಕ್ಕೆ ಬಾರದು. ಸೇನೆಯದೇ ಕಾಗದ ಬೇಕು.

ಹಂತ 5: ಅಫಿಡವಿಟ್ ಮಾಡಿಸುವುದು

ಅರ್ಜಿಗಳು ಅತಿ ಹೆಚ್ಚು ತಿರಸ್ಕೃತವಾಗುವುದನ್ನು ನಾನು ಕಂಡಿರುವುದು ಇಲ್ಲಿ. ರೆಕಾರ್ಡ್ ಆಫೀಸು ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಮುಂದೆ ಮಾಡಿದ ಅಫಿಡವಿಟ್ ಕೇಳಿದ್ದರೆ ನೋಟರಿಯ ಮೊಹರು ಸಾಲದು, ತಹಶೀಲ್ದಾರರ ಸಹಿಯೂ ಅದಕ್ಕೆ ಬದಲಿಯಲ್ಲ, ಏಕೆಂದರೆ ಅವರು ಕಾರ್ಯನಿರ್ವಾಹಕ ದಂಡಾಧಿಕಾರಿ. ಯಾರ ಮುಂದೆ ಮಾಡಬೇಕೆಂಬುದನ್ನು ಮೊದಲೇ ಪತ್ರ ಬರೆದು ಕೇಳಿಕೊಳ್ಳಿರಿ, ಅಥವಾ ಸೈನಿಕ ಬೋರ್ಡಿನಲ್ಲಿ (ಹಂತ 6 ನೋಡಿರಿ) ವಿಚಾರಿಸಿರಿ.

ಅಫಿಡವಿಟ್ಟಿನಲ್ಲಿ ಸೇನಾ ನಂಬರು, ಹುದ್ದೆ, ದಾಖಲೆಯಲ್ಲಿ ಈಗಿರುವ ವಿವರ, ಇರಬೇಕಾದ ವಿವರ, ಎರಡೂ ಒಬ್ಬರಿಗೇ ಸೇರಿದ್ದೆಂಬ ಹೇಳಿಕೆ ಇರಬೇಕು. ತಪ್ಪು ಕಾಗುಣಿತವನ್ನು ದಾಖಲೆಯಲ್ಲಿ ಇರುವಂತೆಯೇ ಬರೆಯಬೇಕು; ಟೈಪು ಮಾಡುವವರು ಅದನ್ನೂ ‘ಸರಿಪಡಿಸಿ’ಬಿಟ್ಟರೆ ಇಡೀ ಕಾಗದ ಅರ್ಥ ಕಳೆದುಕೊಳ್ಳುತ್ತದೆ. ಭಾಷೆ ಇಂಗ್ಲಿಷ್ ಅಥವಾ ಹಿಂದಿ ಇರಲಿ. ರೆಕಾರ್ಡ್ ಆಫೀಸು ಬೆಂಗಳೂರಿನಲ್ಲೇ ಇದ್ದರೂ ಫೈಲು ನೋಡುವವರು ಯಾವ ರಾಜ್ಯದವರೋ ಹೇಳಲಾಗದು. ಕನ್ನಡದಲ್ಲಿರುವ ವರ್ಗಾವಣೆ ಪತ್ರ, ಲಗ್ನಪತ್ರಿಕೆ, ನಾಡಕಚೇರಿಯ ವಂಶವೃಕ್ಷಗಳಿಗೆ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿಯಿಂದ ದೃಢೀಕರಿಸಿ ಜೊತೆಗೆ ಇಡಿರಿ.

ಹಂತ 6: ಸೈನಿಕ ಬೋರ್ಡಿನ ಮೂಲಕ ಅರ್ಜಿ ಕಳಿಸುವುದು

ನಾವೆಲ್ಲ ಸೈನಿಕ ಬೋರ್ಡ್ ಎನ್ನುವುದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಹಾಸನದ ಕಚೇರಿಯನ್ನು. ಮೂಲ ದಾಖಲೆಗಳನ್ನು ಅಲ್ಲಿ ತೋರಿಸಿ, ಅರ್ಜಿಗೆ ಅವರ ಪರಿಶೀಲನೆಯ ಪತ್ರ ಪಡೆದು ಕಳಿಸಿದರೆ ಹೆಚ್ಚು ತೂಕ ಬರುತ್ತದೆ. ಅರ್ಜಿ ಒಂದೇ ಪುಟ ಇರಲಿ. ಒಂದು ಅರ್ಜಿಯಲ್ಲಿ ಒಂದೇ ಬಗೆಯ ತಪ್ಪು ಇರಲಿ: ಹೆಂಡತಿಯ ಹೆಸರನ್ನೂ ಅರ್ಹ ಸೇವೆಯನ್ನೂ ಕೂಡಿಸಿ ಬರೆದರೆ ಅವು ಬೇರೆ ಬೇರೆ ಮೇಜಿಗೆ ಹೋಗಬೇಕಾದವಾದ್ದರಿಂದ ಒಂದು ಕಳೆದುಹೋಗುವುದು ಸಾಮಾನ್ಯ.

ವಿಳಾಸ ನಿಮ್ಮ ರೆಜಿಮೆಂಟು ಅಥವಾ ಕೋರಿನ ರೆಕಾರ್ಡ್ ಆಫೀಸಿನದು. ಮದ್ರಾಸ್ ಎಂಜಿನಿಯರ್ ಗ್ರೂಪು, ದಕ್ಷಿಣದ ಎ.ಎಸ್.ಸಿ., ಮಿಲಿಟರಿ ಪೊಲೀಸ್ ಬೆಂಗಳೂರಿನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿ ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟು ವೆಲ್ಲಿಂಗ್ಟನ್ನಿನಲ್ಲಿ, ಇ.ಎಂ.ಇ. ಮತ್ತು ಎ.ಒ.ಸಿ. ಸಿಕಂದರಾಬಾದಿನಲ್ಲಿ, ಆರ್ಟಿಲರಿ ನಾಸಿಕ್ ರೋಡಿನಲ್ಲಿ, ಸಿಗ್ನಲ್ಸ್ ಜಬಲ್ಪುರದಲ್ಲಿ, ಎ.ಎಂ.ಸಿ. ಲಖನೌದಲ್ಲಿ. ನಿವೃತ್ತಿಯ ನಂತರ ಡಿ.ಎಸ್.ಸಿ. (ಡಿಫೆನ್ಸ್ ಸೆಕ್ಯುರಿಟಿ ಕೋರ್) ಸೇರಿದವರ ಎರಡನೆಯ ಸೇವೆಯ ವಿಷಯ ಕಣ್ಣೂರಿಗೆ ಹೋಗಬೇಕು. ವಾಯುಪಡೆಯ ಏರ್‌ಮನ್‌ಗಳ ದಾಖಲೆ ದೆಹಲಿಯ ಸುಬ್ರೋತೋ ಪಾರ್ಕಿನಲ್ಲಿ, ನೌಕಾಪಡೆಯ ನಾವಿಕರದು ಮುಂಬೈನ ಮಾನಖುರ್ದ್‌ನ ಚೀತಾ ಕ್ಯಾಂಪಿನಲ್ಲಿ ಇದೆ.

ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿಯನ್ನು ನೋಟ್‌ಬುಕ್ಕಿಗೆ ಅಂಟಿಸಿರಿ. ಮೂಲ ಡಿಸ್ಚಾರ್ಜ್ ಬುಕ್ಕನ್ನು ಅವರು ಬರವಣಿಗೆಯಲ್ಲಿ ಕೇಳುವವರೆಗೆ ಕಳಿಸಬೇಡಿರಿ. ಕೇಳಿದರೆ ಎಲ್ಲ ಪುಟಗಳ ಜೆರಾಕ್ಸ್ ಇಟ್ಟುಕೊಂಡು ಕಳಿಸಿರಿ.

ಹಂತ 7: ಬೆನ್ನು ಹತ್ತುವುದು

ತಿಂಗಳಾದರೂ ಉತ್ತರವಿಲ್ಲದಿದ್ದರೆ ಮೊದಲ ಪತ್ರದ ದಿನಾಂಕ ಮತ್ತು ಅಂಚೆ ಸಂಖ್ಯೆ ನಮೂದಿಸಿ ನೆನಪೋಲೆ ಬರೆಯಿರಿ. ಹೊಸ ಅರ್ಜಿ ಹಾಕಬೇಡಿರಿ, ಏಕೆಂದರೆ ಒಂದೇ ವಿಷಯಕ್ಕೆ ಎರಡು ಫೈಲು ಹುಟ್ಟಿದರೆ ಎರಡೂ ನಿಲ್ಲುತ್ತವೆ. ಆಕ್ಷೇಪಣೆಯ ಪತ್ರ ಬಂದರೆ ಬೇಸರಪಡದೆ, ಅವರು ಕೇಳಿದ ಕ್ರಮದಲ್ಲಿಯೇ ಒಂದೊಂದಕ್ಕೂ ಉತ್ತರ ಕೊಡಿರಿ.

ಹಂತ 8: ತಿದ್ದುಪಡಿ ಪಿ.ಪಿ.ಒ. ಮತ್ತು ಸ್ಪರ್ಶ್

ರೆಕಾರ್ಡ್ ಆಫೀಸು ಒಪ್ಪಿಕೊಂಡರೆ ಕೆಲಸ ಮುಗಿಯಿತು ಎಂದುಕೊಳ್ಳುವುದು ದೊಡ್ಡ ಎಡವಟ್ಟು. ಅಲ್ಲಿಂದ ಪ್ರಯಾಗರಾಜ್‌ಗೆ ವಿವರ ಹೋಗಿ ತಿದ್ದುಪಡಿ ಪಿ.ಪಿ.ಒ. ಹೊರಡಬೇಕು, ಸ್ಪರ್ಶ್‌ನಲ್ಲಿ ನಿಮ್ಮ ಪ್ರೊಫೈಲು ಬದಲಾಗಬೇಕು. ಪೋರ್ಟಲ್ಲಿಗೆ ನೀವೇ ಪ್ರವೇಶಿಸಿ ನೋಡಿರಿ. ಅದನ್ನು ಮಾಡಲು ಬಾರದಿದ್ದರೆ ಸ್ಪರ್ಶ್ ಸೇವೆ ಕೊಡುವ ಬ್ಯಾಂಕ್ ಶಾಖೆ ಅಥವಾ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿರಿ. ಟೈಪಿನ ತಪ್ಪಷ್ಟೇ ಆಗಿದ್ದರೆ ಹಳೆಯ ಪಿ.ಪಿ.ಒ. ಪ್ರತಿಯನ್ನು ಲಗತ್ತಿಸಿ ಅಲ್ಲಿಯೇ ಕೋರಿಕೆ ಸಲ್ಲಿಸಬಹುದು. ಕೋರಿಕೆಯ ಸಂಖ್ಯೆ ನೋಟ್‌ಬುಕ್ಕಿಗೆ ಏರಲಿ.

ಸೈನಿಕರು ತೀರಿಕೊಂಡಿದ್ದರೆ

ಮರಣ ನೋಂದಣಿಯ ದಿನವೇ ಎಚ್ಚರಿಕೆ ಬೇಕು. 21 ದಿನಗಳೊಳಗೆ ನೋಂದಾಯಿಸಬೇಕೆಂಬ ಅವಸರದಲ್ಲಿ, ದುಃಖದ ನಡುವೆ, ಯಾರೋ ಹೋಗಿ ಊರಲ್ಲಿ ಕರೆಯುವ ಹೆಸರು ಹೇಳಿ ಬರೆಸುತ್ತಾರೆ. ಮರಣ ಪತ್ರದ ಹೆಸರು ಪಿ.ಪಿ.ಒ.ದಲ್ಲಿರುವ ಹೆಸರೇ ಆಗಿರಬೇಕು, ಪಿ.ಪಿ.ಒ. ಪ್ರತಿಯನ್ನು ಕೈಯಲ್ಲಿ ಹಿಡಿದೇ ಹೋಗಿರಿ.

ಹೆಂಡತಿಯ ಹೆಸರು ಹೊಂದದೆ ಕುಟುಂಬ ಪಿಂಚಣಿ ನಿಂತಿದ್ದರೆ, ಮದುವೆಯ ಕಾಲಕ್ಕೆ ಹತ್ತಿರವಾದ ಹಳೆಯ ಕಾಗದಗಳನ್ನೇ ಹುಡುಕಬೇಕು. ಮಕ್ಕಳ ಶಾಲಾ ದಾಖಲಾತಿಯಲ್ಲಿ ತಾಯಿಯ ಹೆಸರು, ಹಳೆಯ ರೇಷನ್ ಕಾರ್ಡು, ಜಂಟಿ ಬ್ಯಾಂಕ್ ಖಾತೆ, ಇಬ್ಬರೂ ಇರುವ ಹಳೆಯ ಇ.ಸಿ.ಎಚ್.ಎಸ್. ಕಾರ್ಡು, ಯೂನಿಟ್ಟಿನಲ್ಲಿ ತೆಗೆಸಿದ ಜಂಟಿ ಭಾವಚಿತ್ರ, ಇವುಗಳ ಜೊತೆ ನಾಡಕಚೇರಿಯಿಂದ ಪಡೆದ ವಂಶವೃಕ್ಷ ಮತ್ತು ಸೈನಿಕ ಬೋರ್ಡಿನ ಪರಿಶೀಲನಾ ಪತ್ರ ಇಡಿರಿ. ಮೊನ್ನೆ ಮೊನ್ನೆ ಮಾಡಿಸಿದ ಹತ್ತು ಕಾಗದಗಳಿಗಿಂತ ಮೂವತ್ತು ವರ್ಷ ಹಳೆಯ ಒಂದು ಶಾಲಾ ದಾಖಲೆಯ ಮಾತನ್ನು ಕಚೇರಿಗಳು ಹೆಚ್ಚು ನಂಬುತ್ತವೆ.

ಎಚ್ಚರಿಕೆಯ ಚಿಹ್ನೆಗಳು

ಒ.ಟಿ.ಪಿ. ಕೇಳುವ ಫೋನ್ ಕರೆ ಯಾವ ಕಚೇರಿಯಿಂದಲೂ ಬರುವುದಿಲ್ಲ. ಜೀವನ ಪ್ರಮಾಣ ಪತ್ರದ ನವೆಂಬರ್ ತಿಂಗಳಲ್ಲಿ ಇಂಥ ಕರೆಗಳ ಬಗ್ಗೆ ವಿಶೇಷ ಜಾಗ್ರತೆ ಇರಲಿ. ಬಾಕಿ ಹಣದಲ್ಲಿ ಇಂತಿಷ್ಟು ಪಾಲು ಕೊಡಿ ಎನ್ನುವವರು, ಮೂಲ ಡಿಸ್ಚಾರ್ಜ್ ಬುಕ್ಕನ್ನು ತಮ್ಮ ಬಳಿ ಬಿಟ್ಟುಹೋಗಿ ಎನ್ನುವವರು, ಬೇಕಾದ ದಿನಾಂಕಕ್ಕೆ ವರ್ಗಾವಣೆ ಪತ್ರ ಮಾಡಿಸಿಕೊಡುತ್ತೇನೆ ಎನ್ನುವವರು, ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರು ಕಂಡರೆ ಅಲ್ಲಿಂದ ಎದ್ದು ಬನ್ನಿರಿ. ಸುಳ್ಳು ದಾಖಲೆ ಒಂದು ಸಿಕ್ಕಿಬಿದ್ದರೆ ನಿಮ್ಮ ನಿಜವಾದ ದಾಖಲೆಗಳ ಮೇಲೂ ನಂಬಿಕೆ ಹೋಗುತ್ತದೆ.

ಹಂತ 9: ನಿರಾಕರಿಸಿದರೆ

ತಿರಸ್ಕಾರವನ್ನು ಕಾರಣಸಹಿತ ಬರವಣಿಗೆಯಲ್ಲಿ ಪಡೆಯಿರಿ. 2007ರ ಕಾಯ್ದೆಯಡಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಅಂತಿಮ ಆದೇಶದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬಹುದು. ಕರ್ನಾಟಕ ಕೊಚ್ಚಿಯ ಪೀಠದ ವ್ಯಾಪ್ತಿಗೆ ಸೇರಿದೆ. ಮನವಿ ಕೊಟ್ಟು ಆರು ತಿಂಗಳಾದರೂ ಉತ್ತರವೇ ಬಾರದಿದ್ದರೆ, ಅದರ ಮುಂದಿನ ಆರು ತಿಂಗಳೊಳಗೆ ಹೋಗಬೇಕು. ಈ ದಿನಾಂಕಗಳನ್ನು ಲೆಕ್ಕ ಹಾಕಲು ಬೇಕಾಗುವುದು ಅಂಚೆಯ ರಸೀದಿಗಳೇ. ಬರವಣಿಗೆಯ ಚಿಕ್ಕ ತಪ್ಪಿಗಾಗಿ ಅಲ್ಲಿಯವರೆಗೆ ಹೋಗುವುದನ್ನು ನಾನು ಸೂಚಿಸುವುದಿಲ್ಲ. ಅರ್ಹ ಸೇವೆ, ಹುದ್ದೆ, ನಿಂತುಹೋದ ಕುಟುಂಬ ಪಿಂಚಣಿಯ ವಿಷಯವಾದರೆ ಹಿಂಜರಿಯಬೇಡಿರಿ.

ಹಂತ 10: ತಿದ್ದುಪಡಿ ಬಂದ ಮೇಲೆ

ಕೈಗೆ ಬಂದ ತಿದ್ದುಪಡಿ ಪಿ.ಪಿ.ಒ. ಅನ್ನು ಮೊದಲ ದಿನದ ಕೋಷ್ಟಕದೊಂದಿಗೆ ಮತ್ತೆ ಅಕ್ಷರ ಅಕ್ಷರವಾಗಿ ಹೋಲಿಸಿರಿ. ತಿದ್ದುವಾಗ ಹೊಸ ತಪ್ಪು ಸೇರುವುದುಂಟು. ಆಮೇಲೆ ಬ್ಯಾಂಕಿನ ಖಾತೆ, ಮಾಜಿ ಸೈನಿಕರ ಗುರುತಿನ ಚೀಟಿ, ಇ.ಸಿ.ಎಚ್.ಎಸ್. ಕಾರ್ಡು ಈ ಕ್ರಮದಲ್ಲಿ ಬದಲಿಸಿಕೊಳ್ಳಿರಿ. ಹಳೆಯ ಪಿ.ಪಿ.ಒ. ಎಸೆಯಬೇಡಿರಿ, ಹೊಸದರ ಹಿಂದೆ ಪಿನ್ನು ಮಾಡಿ ಇಡಿರಿ. ಎಲ್ಲದರ ಒಂದು ಪ್ರತಿ, ಸ್ಪರ್ಶ್‌ನ ಬಳಕೆದಾರ ಹೆಸರು, ಕೊಟ್ಟಿರುವ ಮೊಬೈಲ್ ಸಂಖ್ಯೆ ಇವುಗಳನ್ನು ಒಂದೇ ಫೈಲಿನಲ್ಲಿ ಹಾಕಿ, ಆ ಫೈಲು ಮನೆಯ ಯಾವ ಬೀರುವಿನಲ್ಲಿದೆ ಎಂಬುದನ್ನು ಹೆಂಡತಿಗೆ ಇವತ್ತೇ ತೋರಿಸಿರಿ.